ಅರ್ಧ ಸ್ವರ ಕೆಳಗೆ

ಹಲ್ಲುಜ್ಜುವ ಹಳೆಯ ಬ್ರಷ್ಷನ್ನು ಸೋಪಿನ ನೀರಿನಲ್ಲಿ ಅದ್ದಿ ಅದ್ದಿ ಅವಳು ಅವನ ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯನ್ನು ಉಜ್ಜುತ್ತಲೇ ಇದ್ದಳು. ಹಿತ್ತಾಳೆಯ ಪುಡಿ ಬಿಡಲೊಲ್ಲದು. ಬದುಕಿದ್ದಾಗಲೂ ಬಿಟ್ಟದ್ದಲ್ಲ, ಮೂವತ್ತು ವರ್ಷ ಹಾರ್ಮೋನಿಯಂ ರಿಪೇರಿ ಮಾಡಿದ ಬೆರಳು. ಊಟಕ್ಕೆ ಕೂತಾಗ "ಕೈ ತೊಳೆದಿರಾ?" ಎಂದು ಅವಳು ಕೇಳುವುದು, "ಚಿನ್ನ ಅಂದ್ಕೊಳ್ಳೇ" ಎಂದು ಅವನು ಬೆರಳು ಮುಂದೆ ಚಾಚುವುದು ಆ ಮನೆಯ ದಿನನಿತ್ಯದ ತಮಾಷೆಯಾಗಿತ್ತು.

"ಸಾಕು ಬಿಡು," ಎಂದರು ಬಾಗಿಲಲ್ಲಿ ನಿಂತಿದ್ದ ಗಂಡನ ಅಕ್ಕ. "ಚರ್ಮ ಸುಲಿದು ಬಂದೀತು. ಜನ ಬರೋ ಹೊತ್ತಾಯ್ತು."

"ಇನ್ನೊಂದೇ ಬೆರಳು, ಅತ್ತಿಗೆ."

ಬೆಳಗಿನ ಮೊದಲ ಬಸ್ಸಿಗೆ ಬಂದಿಳಿದಿದ್ದ ಅತ್ತಿಗೆ ಇನ್ನೂ ಕೈಚೀಲ ಕೆಳಗಿಟ್ಟಿರಲಿಲ್ಲ. ಮಂಚದ ಆ ಬದಿಗೆ ಕೂತು ತಮ್ಮನ ಹಣೆಯ ಕೂದಲನ್ನು ಸರಿಸಿ, ಮೇಜಿನ ಮೂಲೆ ಬಡಿದು ಕಂದಿದ್ದ ಗಾಯವನ್ನು ಮುಚ್ಚಿದರು.

"ಒಂದು ಮಾತು ಕೇಳ್ತೀನಿ, ತಪ್ಪು ತಿಳೀಬೇಡ. ಆರು ವರ್ಷದಿಂದ ಇಲ್ಲದ ಫಿಟ್ಸು ನಿನ್ನೆ ಹ್ಯಾಗಮ್ಮ ಬಂತು? ಮಾತ್ರೆ ಸರಿಯಾಗಿ ಕೊಡ್ತಿದ್ದೆ ತಾನೆ?"

"ಡಾಕ್ಟರು ಹೇಳಿದಷ್ಟೇ ಕೊಟ್ಟಿದ್ದೀನಿ. ಒಂದು ದಿನವೂ ತಪ್ಪಿಸಿಲ್ಲ."

"ಹೇಳಿದಷ್ಟು ಕೊಟ್ಟಿದ್ರೆ ಹೀಗಾಗ್ತಿತ್ತಾ?"

"ಕಡಿಮೆ ಮಾಡಿ ಅಂದಿದ್ರು, ಮಾಡಿದ್ವಿ. ಕ್ಲಿನಿಕ್ಕಿನ ಸಿಸ್ಟರ್ ಬರ್ತಾರೆ ಈಗ. ಬೇಕಾದ್ರೆ ನೀವೇ ಕೇಳಿ ನೋಡಿ."

ನಿನ್ನೆ ಬೆಳಗಿನಿಂದ ಅವಳು ನಿಂತಿದ್ದುದು ಆ ಒಂದು ಮಾತಿನ ಮೇಲೆ. ಚಹಾದ ಲೋಟ ಹಿಡಿದು ಕೆಲಸದ ಕೋಣೆಗೆ ಹೋದರೆ ಅವನು ಸ್ಟೂಲಿಗೂ ಮೇಜಿಗೂ ನಡುವೆ ಬೋರಲು ಬಿದ್ದಿದ್ದ. ಕೈಯಲ್ಲಿ ಹಿತ್ತಾಳೆ ಕೆರೆಯುವ ಅರ ಹಾಗೇ ಇತ್ತು, ಮೈ ಆಗಲೇ ತಣ್ಣಗಾಗುತ್ತಿತ್ತು. ಅಳು ಬರುವುದಕ್ಕೂ ಮೊದಲು ಅವಳ ಮನಸ್ಸು ಹಿಂದಿನ ದಿನಗಳನ್ನೆಲ್ಲ ತಡವಿ ನೋಡಿತ್ತು. ಮಾತ್ರೆ ಕೊಟ್ಟಿದ್ದೆ. ಹೇಳಿದ ಹಾಗೇ ಕೊಟ್ಟಿದ್ದೆ. ನನ್ನ ಕೈಯಲ್ಲಿ ತಪ್ಪಾಗಿಲ್ಲ.

*

ಎರಡೂವರೆ ತಿಂಗಳ ಹಿಂದೆ, ಹಳೆಯ ಮಾತ್ರೆ ಲಿವರಿಗೆ ಒಗ್ಗುತ್ತಿಲ್ಲವೆಂದು ಡಾಕ್ಟರು ಹೊಸದೊಂದನ್ನು ಬರೆದುಕೊಟ್ಟಿದ್ದರು. ಫಿಟ್ಸು ಹತ್ತಿರ ಸುಳಿಯಲಿಲ್ಲ, ನಿದ್ದೆ ಚೆನ್ನಾಗಿತ್ತು, ಎಲ್ಲ ಸರಿಯಾಗಿತ್ತು. ಒಂದು ತಿಂಗಳಾದ ಮೇಲೆ ಪ್ರಾರ್ಥನಾ ಮಂದಿರದ ಹಾಡಿನ ಮೇಷ್ಟ್ರು, ವಾರದ ಹಿಂದಷ್ಟೇ ರಿಪೇರಿಯಾಗಿ ಹೋಗಿದ್ದ ಹಾರ್ಮೋನಿಯಮ್ಮನ್ನು ಕೈಗಾಡಿಯಲ್ಲಿ ಹಾಕಿಕೊಂಡು ವಾಪಸು ತಂದರು.

"ಶ್ರುತಿಯಣ್ಣಾ, ಏನು ಮಾಡಿಟ್ಟಿದ್ದೀಯೋ ಇದಕ್ಕೆ? ನಮ್ಮ ಮುದುಕಿಯರೆಲ್ಲ ಕತ್ತು ಹಿಸುಕಿದ ಕೋಳಿ ಹಾಗೆ ಹಾಡ್ತಿದ್ದಾರೆ. ಪೂರ್ತಿ ಅರ್ಧ ಸ್ವರ ಮೇಲೆ ಕೂತಿದೆ!"

ಹೆತ್ತವರಿಟ್ಟ ಹೆಸರು ಸಹಿಗೆ ಮಾತ್ರ. ಊರಿಗೆಲ್ಲ ಅವನು ಶ್ರುತಿಯಣ್ಣ. ಹಾರ್ಮೋನಿಯಮ್ಮಿನ ಹೊಟ್ಟೆಯೊಳಗೆ ಸಾಲಾಗಿ ಕೂತ ಹಿತ್ತಾಳೆಯ ನಾಲಗೆಗಳನ್ನು ಅವನು ಕಿವಿಯ ನೆನಪಿನಿಂದಲೇ ಸರಿಮಾಡುತ್ತಿದ್ದ. ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಸ್ವಲ್ಪ ಕೆರೆ, ಕೇಳು, ಮತ್ತೆ ಸ್ವಲ್ಪ ಕೆರೆ. "ಕೆರೆದದ್ದನ್ನ ವಾಪಸು ಅಂಟಿಸೋಕಾಗಲ್ಲ, ಅದಕ್ಕೇ ನಿಧಾನ," ಎನ್ನುತ್ತಿದ್ದ. ಶ್ರುತಿ ನೋಡುವ ಉಕ್ಕಿನ ಕವಲುಕಡ್ಡಿ ಅವನ ಅಪ್ಪನ ಕಾಲದ್ದು. ಅದು ಡ್ರಾಯರಿನ ತಳದಲ್ಲಿ ಬಟ್ಟೆ ಸುತ್ತಿಕೊಂಡು ಮಲಗಿತ್ತು.

ಮೇಷ್ಟ್ರು ಹೋದ ಮೇಲೆ ಅವನು ಅದನ್ನು ಹೊರತೆಗೆದ. ಮೊಣಕಾಲಿಗೆ ಬಡಿದು ಕಿವಿಗೆ ಹಿಡಿದ. ಮತ್ತೆ ಬಡಿದ.

"ಇದೂ ಇಳಿದಿದೆ ಕಣೇ."

"ಕಬ್ಬಿಣ ಹ್ಯಾಗ್ರೀ ಇಳಿಯತ್ತೆ?"

"ಅದೇ. ಉಕ್ಕು ಇಳಿಯಲ್ಲ." ಕಡ್ಡಿಯನ್ನು ಮೇಜಿನ ಮೇಲೆ ಮೆಲ್ಲಗೆ ಮಲಗಿಸಿದ. "ಹೊಸ ಮಾತ್ರೆ ಶುರುವಾದಾಗಿನಿಂದ ಹೀಗೆ. ಎಲ್ಲ ಅರ್ಧ ಸ್ವರ ಕೆಳಗೆ ಕೇಳಿಸತ್ತೆ, ಅದಕ್ಕೇ ಹಾರ್ಮೋನಿಯಮ್ಮನ್ನ ಅಷ್ಟು ಮೇಲಕ್ಕೆ ಕೂರಿಸಿಬಿಟ್ಟೆ. ಬಾವಿಯೊಳಗೆ ನಿಂತು ಹಾಡಿದ ಹಾಗೆ. ಬೆಳಗ್ಗೆ ನೀನು ಪದ್ಯ ಹೇಳ್ತೀಯಲ್ಲ, ಅದು ಕೂಡ. ದನಿ ನಿಂದಲ್ಲ ಅನ್ನಿಸತ್ತೆ. ಯಾರೋ ನಿನ್ನ ಸೀರೆ ಉಟ್ಕೊಂಡು ಬಂದು ಹೇಳ್ತಿರೋ ಹಾಗೆ."

ಮದುವೆಯಾದ ಮರುದಿನದಿಂದ ಅವಳು ಒಲೆಯ ಮುಂದೆ ಆ ಪದ್ಯ ಹೇಳುತ್ತಿದ್ದಳು, ಅಜ್ಜಿಯ ಬಾಯಿಂದ ಕೇಳಿ ಕಲಿತದ್ದು. ಅವನು ಗೋಡೆಯಾಚೆ ಕೂತು, ಕೊನೆಯ ಸಾಲು ಮುಗಿಯುವವರೆಗೂ ಅರ ಹಿಡಿಯುತ್ತಿರಲಿಲ್ಲ.

"ಡಾಕ್ಟರಿಗೆ ಹೇಳಿ ಮತ್ತೆ."

"ಹೇಳ್ತೀನಿ. ಮಂಗಳವಾರ ಹೋಗೋದಿದೆಯಲ್ಲ."

*

ಹನ್ನೊಂದು ಗಂಟೆಗೆ ಮನೆ ತುಂಬಿತು. ಚಪ್ಪಲಿಗಳು ಮೆಟ್ಟಿಲು ದಾಟಿ ಬೀದಿಗಿಳಿದವು. ಮೇಷ್ಟ್ರು ಬಂದವರೇ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ಮೊನ್ನೆ ಹಾರ್ಮೋನಿಯಂ ಸರಿಮಾಡಿ ಕಳಿಸಿದ್ನಲ್ಲಮ್ಮಾ, ಏನು ಹೇಳಲಿ! ಹುಟ್ಟಿದಾಗಲೂ ಅದು ಅಷ್ಟು ಇಂಪಾಗಿ ಕೂಗಿರಲಿಕ್ಕಿಲ್ಲ. ಕಿವಿ ವಾಪಸು ಬಂತು ಮೇಷ್ಟ್ರೇ ಅಂತ ಮಗು ಥರ ಕುಣಿದಾಡಿದ."

ಹಿಂದೆಯೇ ಕ್ಲಿನಿಕ್ಕಿನ ಸಿಸ್ಟರ್ ಬಂದರು. ಕೆಲಸದ ನಡುವೆ ಎದ್ದು ಬಂದವರು, ನಾಡಿ ನೋಡುವ ಗಡಿಯಾರ ಇನ್ನೂ ಎದೆಯ ಮೇಲೆ ತಲೆಕೆಳಗಾಗಿ ನೇತಾಡುತ್ತಿತ್ತು. ಅವಳು ಅವರ ಕೈ ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋದಳು. ಅತ್ತಿಗೆಯನ್ನೂ ಕರೆದಳು. ನೀರು ಕೇಳಿಕೊಂಡು ಬಂದ ಮೇಷ್ಟ್ರು ಬಾಗಿಲಲ್ಲೇ ನಿಂತರು.

"ಸಿಸ್ಟರ್, ಇವರಿಗೊಂದು ಹೇಳಿಬಿಡಿ. ಮಾತ್ರೆ ಕಡಿಮೆ ಮಾಡಿ ಅಂತ ಡಾಕ್ಟರೇ ಹೇಳಿದ್ದು ಅಲ್ವಾ?"

ಸಿಸ್ಟರ್ ಅವಳ ಮುಖ ನೋಡಿದರು, ಅತ್ತಿಗೆಯ ಮುಖ ನೋಡಿದರು.

"ಯಾವಾಗಮ್ಮಾ?"

"ಆ ಮಂಗಳವಾರ. ನಲವತ್ತು ದಿನ ಆಯ್ತು."

"ಆವತ್ತು ಅವರು ಬರಲೇ ಇಲ್ಲ. ಹೆಸರು ಕೂಗಿ ಕೂಗಿ ಸಾಕಾಯ್ತು ನಮಗೆ. ಕಡಿಮೆ ಮಾಡಿ ಅಂತ ಡಾಕ್ಟರು ಯಾವತ್ತೂ ಹೇಳಿಲ್ಲಮ್ಮಾ."

*

ಆ ಮಂಗಳವಾರ ಸಂಜೆ ಅವನು ಶಿಳ್ಳೆ ಹಾಕುತ್ತಾ ಮನೆಗೆ ಬಂದಿದ್ದ.

"ಏನಂದ್ರು ಡಾಕ್ಟರು?"

"ವಾರವಾರ ಒಂದಿಷ್ಟು ಕಡಿಮೆ ಮಾಡ್ತಾ ಬನ್ನಿ ಅಂದ್ರು."

"ಹ್ಯಾಗೆ? ತುಂಡು ಮಾಡೋದಾ?"

"ತುಂಡು ಮಾಡಿದ್ರೆ ಒಂದೇ ಸಲಕ್ಕೆ ತೀರಾ ಕಡಿಮೆ ಆಗಿಬಿಡತ್ತಂತೆ. ನಿಮ್ಮ ಹತ್ರ ಅರ ಇದೆಯಲ್ಲ, ಕೆರೀರಿ ಅಂದ್ರು." ಕೆಲಸದ ಮೇಜಿಗೆ ಕೂತು ದೀಪ ಹತ್ತಿರ ಎಳೆದುಕೊಂಡ. "ನಿಮ್ಮ ಮನೆಯವರ ಕೈಲೇ ತಗೊಳ್ಳಿ, ಅವರು ಜೋಪಾನ, ಅಂತಲೂ ಅಂದ್ರು."

ಬೇರೆ ಯಾರ ಮನೆಯಲ್ಲಾದರೂ ಹೆಂಗಸು ನಕ್ಕುಬಿಡುತ್ತಿದ್ದಳೇನೋ. ಆ ಮನೆಯಲ್ಲಿ ಬಾಗಿಲು ಬಿಗಿಯಾದರೆ ಕೆರೆಯುತ್ತಿದ್ದರು, ಬೀಗದ ಕೈ ಕೂರದಿದ್ದರೆ ಕೆರೆಯುತ್ತಿದ್ದರು. ಅವಳು ಕೆಳಗೆ ಬಿಳಿ ಕಾಗದ ಹಿಡಿದಳು. ಅವನು ಮಾತ್ರೆಯನ್ನು ಚಿಮಟದಲ್ಲಿ ಕಚ್ಚಿಸಿ, ಎಲ್ಲಕ್ಕಿಂತ ನುಣುಪಾದ ಅರದಿಂದ ಮೂರು ಸಲ ಎಳೆದ. ಕಾಗದದ ಮೇಲೆ ಹಿಟ್ಟಿನಂಥ ಪುಡಿ ಬಿತ್ತು. ಮಾತ್ರೆಯನ್ನು ಕಿವಿಯ ಹತ್ತಿರ ಹಿಡಿದು ಬೆರಳಲ್ಲಿ ತಟ್ಟಿದ.

"ಶ್ರುತಿಗೆ ಬಂತು ನೋಡು."

ಅವಳು ನಕ್ಕಳು. ಔಷಧಿ ಚೆಲ್ಲಲು ಮನಸ್ಸಾಗದೆ ಪುಡಿಯನ್ನು ಸಣ್ಣ ಗಾಜಿನ ಬಾಟಲಿಗೆ ಸುರಿದಳು. ಎರಡನೆಯ ವಾರ ಆರು ಎಳೆತ. ಮೂರನೆಯ ವಾರ ಹತ್ತು. ದಿನಾ ಬೆಳಗ್ಗೆ, ಸಂಜೆ, ಅಂಗೈಯಲ್ಲಿ ಆ ಸವೆದ ಚೂರನ್ನಿಟ್ಟು ನೀರು ಕೊಟ್ಟವಳು ಅವಳೇ. ಐದನೆಯ ವಾರದ ಒಂದು ಬೆಳಗ್ಗೆ ಪದ್ಯ ಮುಗಿಸಿ ತಿರುಗಿದರೆ ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. ಕಣ್ಣು ತುಂಬಿತ್ತು.

"ಇವತ್ತು ನೀನೇ ಕಣೇ," ಎಂದಿದ್ದ. "ಇವತ್ತು ನಿನ್ನದೇ ದನಿ."

*

ಅವಳು ಗೂಡಿನಿಂದ ಬಾಟಲಿ ತೆಗೆದು ಸಿಸ್ಟರ್ ಕೈಯಲ್ಲಿಟ್ಟಳು. ಮುಕ್ಕಾಲು ತುಂಬಿತ್ತು. ಸಿಸ್ಟರ್ ಅದನ್ನು ಬೆಳಕಿಗೆ ಹಿಡಿದು ಓರೆಮಾಡಿದರು, ನೇರಮಾಡಿದರು. ಹೆಚ್ಚು ಹೊತ್ತು ಹಿಡಿದುಕೊಳ್ಳಲಾಗದವರಂತೆ ಒಲೆಯ ಪಕ್ಕ ಇಟ್ಟರು.

"ಇದು ದಿನವಿಡೀ ನಿಧಾನವಾಗಿ ಮೈಗಿಳಿಯೋ ಮಾತ್ರೆ. ಮೇಲಿನ ಪದರ ಕೆರೆದುಬಿಟ್ರೆ ಇರೋದೆಲ್ಲ ಒಂದೇ ಸಲ ಇಳಿದುಹೋಗತ್ತೆ, ಆಮೇಲೆ ಮೈ ಬರಿದು. ಅದರ ಮೇಲೆ ವಾರವಾರ ಕಡಿಮೆ ಬೇರೆ." ದನಿ ತಗ್ಗಿಸಿದರು. "ಕಿವಿಗೆ ಹೀಗಾಗೋದು ಡಾಕ್ಟರಿಗೆ ಹೊಸದಲ್ಲಮ್ಮಾ. ಕೆಲವರಿಗೆ ಆಗತ್ತೆ. ಒಂದು ಮಾತು ಹೇಳಿದ್ರೆ ಸಾಕಿತ್ತು. ಬೇರೆ ಮಾತ್ರೆ ಇತ್ತು. ನೋಡ್ಕೊಂಡು ನೋಡ್ಕೊಂಡು ಬದಲಾಯಿಸಬಹುದಿತ್ತು."

"ಬೇರೆ ಇತ್ತಾ?"

"ಇತ್ತು."

"ಹಾಗಾದ್ರೆ ಆವತ್ತು ಎಲ್ಲಿಗೆ ಹೋಗಿದ್ರು ಇವರು?"

ಬಾಗಿಲಲ್ಲಿದ್ದ ಮೇಷ್ಟ್ರು ಒಂದು ಹೆಜ್ಜೆ ಒಳಗೆ ಬಂದರು.

"ನಮ್ಮ ಮಂದಿರದಲ್ಲಿದ್ದ. ಹಿಂದಿನ ಬೆಂಚಲ್ಲಿ ಕೂತು ಮಧ್ಯಾಹ್ನವೆಲ್ಲ ನಮ್ಮ ಹಾಡು ಕೇಳ್ತಿದ್ದ. ಕ್ಲಿನಿಕ್ಕಿಗೆ ಹೋಗಲ್ವೇನೋ ಅಂದೆ. ಹೋಗಿ ಏನಂತ ಹೇಳ್ಲಿ, ಶ್ರುತಿಯಣ್ಣನಿಗೆ ಶ್ರುತಿ ಕೇಳಿಸ್ತಿಲ್ಲ ಅಂತ ಊರಿಗೆಲ್ಲ ಡಂಗುರ ಹೊಡೆಸ್ಲಾ ಅಂದ. ಮನೇಲಿ ಹೇಳಬೇಡಿ ಅಂತ ಕೈ ಹಿಡ್ಕೊಂಡ."

"ನೀವು ಹೇಳಲಿಲ್ಲ."

"ಮಾತು ಕೊಟ್ಟಿದ್ದೆ ತಾಯಿ."

"ನನಗೂ ಕೊಟ್ಟಿದ್ರು ಮಾತು," ಎಂದಳು ಅವಳು. "ಕೊಡೋದಕ್ಕೇನು."

ಅತ್ತಿಗೆ ಇಷ್ಟು ಹೊತ್ತು ಗೋಡೆಗೆ ಒರಗಿದ್ದರು. ಈಗ ಸೆರಗು ಬಿಗಿದುಕೊಂಡು ನೆಟ್ಟಗಾದರು. "ನನ್ನ ತಮ್ಮ ಸುಳ್ಳು ಹೇಳೋನಲ್ಲ. ಚಿಕ್ಕಂದಿನಿಂದ ನೋಡಿದ್ದೀನಿ. ಅವನು ಹೇಳಿದ ಅಂತಲೇ ಇಟ್ಕೋ, ಮಾತ್ರೆ ತಿನ್ನಿಸಿದ್ದು ಯಾರ ಕೈ? ಒಂದು ಸಲ, ಒಂದೇ ಒಂದು ಸಲ, ನೀನೇ ಹೋಗಿ ಕೇಳೋದಕ್ಕೇನಾಗಿತ್ತು?"

ಹೇಳಲು ಇದ್ದದ್ದು ಒಂದೇ ಮಾತು, ಬೆಳಗಿನಿಂದ ಹೇಳುತ್ತ ಬಂದದ್ದು. ಡಾಕ್ಟರು ಹೇಳಿದಷ್ಟೇ ಕೊಟ್ಟಿದ್ದೀನಿ. ಹೇಳಿದವರು ಡಾಕ್ಟರೇ ಅಲ್ಲ. 'ಅವರು ಜೋಪಾನ' ಎಂದು ಡಾಕ್ಟರ ಬಾಯಲ್ಲಿ ಇಟ್ಟು ಹೇಳಿದ್ದನಲ್ಲ, ಆ ಹೊಗಳಿಕೆಗೆ ತಾನು ಎರಡು ದಿನ ಒಳಗೊಳಗೇ ಹಿಗ್ಗಿದ್ದು ನೆನಪಾಯಿತು. ಆ ಮಾತು ಹೇಳುವಾಗ ಅವನು ತಲೆ ಎತ್ತಿರಲಿಲ್ಲ. ಅರಕ್ಕೆ ಅಂಟಿದ ಧೂಳನ್ನು ಊದುತ್ತಿದ್ದ.

ಹೊರಗೆ ಗಾಡಿ ಬಂದು ನಿಂತಿತು. ಅವಳು ಬಾಟಲಿಯನ್ನು ಸೆರಗಿನ ಮರೆಗೆ ಸೇರಿಸಿಕೊಂಡಳು.

*

ಮಂದಿರದಲ್ಲಿ ಅವನನ್ನು ಮುಂದೆ, ಹಾರ್ಮೋನಿಯಮ್ಮಿನ ಪಕ್ಕದಲ್ಲೇ ಮಲಗಿಸಿದ್ದರು. ಮೇಷ್ಟ್ರು ತಿದಿ ಒತ್ತಿ ಮೊದಲ ಹಾಡು ನುಡಿಸಿದರು. ಅವರು ಹೇಳಿದ್ದು ಸುಳ್ಳಾಗಿರಲಿಲ್ಲ. ಸ್ವರಗಳು ಒಂದಕ್ಕೊಂದು ತಾಕದೆ, ಒಂದನ್ನೊಂದು ಬಿಡದೆ, ತುಂಬಿದ ಬಿಂದಿಗೆಯಂತೆ ನಿಂತವು. ಹಿಂದಿನ ಸಾಲಿನ ಮುದುಕಿಯರು ಹಾಡುತ್ತಲೇ ಅತ್ತರು. "ಏನು ಕೈಯಪ್ಪಾ, ಏನು ಕಿವಿ," ಎಂದು ಯಾರೋ ಬಿಕ್ಕಿದರು.

ಮೇಷ್ಟ್ರು ಅವಳತ್ತ ತಿರುಗಿದರು. ಕಣ್ಣು ಎತ್ತಿ ನೋಡುವ ಧೈರ್ಯ ಸಾಲದೆ, ಹಾರ್ಮೋನಿಯಮ್ಮಿನ ಕೀಲಿಮಣೆಗೇ ಹೇಳಿದಂತೆ ಹೇಳಿದರು.

"ದಿನಾ ಬೆಳಗ್ಗೆ ಹೇಳ್ತಿದ್ದಿರಂತಲ್ಲಮ್ಮಾ, ಆ ಪದ್ಯ. ಅವನಿಗೆ ಅದಂದ್ರೆ ಪ್ರಾಣ. ಕೊನೇ ಸಲ ಹೇಳಿ ಕಳಿಸಿಕೊಡಿ. ಶ್ರುತಿ ಹಿಡೀತೀನಿ."

ಅತ್ತಿಗೆ ಬೆನ್ನಿಗೆ ಕೈಯಿಟ್ಟು ಮುಂದೆ ನೂಕಿದರು. ಅವಳು ಎದ್ದು ಹೋದಳು. ನಾಲ್ಕು ಹೆಜ್ಜೆ. ಕೂದಲು ಓರೆಯಾಗಿ ಗಾಯ ಮತ್ತೆ ಕಾಣುತ್ತಿತ್ತು. ಎದೆಯ ಮೇಲೆ ಜೋಡಿಸಿದ ಕೈಗಳ ಉಗುರಿನಲ್ಲಿ ಹಿತ್ತಾಳೆ ಸಣ್ಣಗೆ ಹೊಳೆಯುತ್ತಿತ್ತು.

ಮೇಷ್ಟ್ರು ಕೆಳಗಿನ ಷಡ್ಜ ಒತ್ತಿ ಹಿಡಿದರು. ಅವಳ ದನಿಯ ಮನೆ ಅದು, ಅವನೇ ಹೊಂದಿಸಿಟ್ಟದ್ದು. ಜನ ತಲೆ ಬಾಗಿಸಿ ಕಾದರು.

ಅವಳು ಸೆರಗಿನಿಂದ ಬಾಟಲಿ ತೆಗೆದು ಹಾರ್ಮೋನಿಯಮ್ಮಿನ ಮೇಲೆ ಇಟ್ಟಳು. ತುಟಿ ಬಿಗಿದುಕೊಂಡು ನಿಂತಳು. ಸ್ವರ ಕಾಯುತ್ತಲೇ ಇತ್ತು. ಮೇಷ್ಟ್ರ ಎಡಗೈ ತಿದಿ ಒತ್ತಿತು, ಮತ್ತೆ ಒತ್ತಿತು. ಓರೆಯಾಗಿ ನಿಂತಿದ್ದ ಬಿಳಿ ಪುಡಿ ಆ ಕಂಪನಕ್ಕೆ ಗಾಜಿನೊಳಗೆ ಕಣಕಣವಾಗಿ ನಡುಗುತ್ತ, ಜಾರುತ್ತ, ನಿಧಾನಕ್ಕೆ ಸಮವಾಗುತ್ತಿತ್ತು.