ಕಿಟಕಿ ತೆಗೆದ ಮೇಲೆ ಇಡ್ಲಿ

ಹೆಬ್ಬೆರಳು ನಡುಗುತ್ತಿದೆ, ನಡುಗಲಿ, ರಟ್ಟಿನ ಅಂಚಿಗೆ ಉಗುರು ತಾಗಿತು, ಜಾರಿತು, ಮತ್ತೆ ತಾಗಿತು — ತೆಗೀರಿ ಅತ್ತೆ, ಇದೊಂದೇ ಉಳಿದಿರೋದು, ಇಡ್ಲಿ ಆರಿಹೋಗ್ತಿದೆ ಎನ್ನುತ್ತೇನೆ, ನನ್ನ ದನಿ ಎಷ್ಟು ಮೆದು ಎಂದರೆ ಪಕ್ಕದ ಮನೆಯ ರಮಾಮಣಿಯವರು ಕೇಳಿಸಿಕೊಂಡರೆ ಇಂಥ ಸೊಸೆ ಕೋಟಿಗೊಬ್ಬಳು ಅಂದಾರು, ಅಂದೂ ಇದ್ದಾರೆ, ಮೊನ್ನೆ ಕಾಂಪೌಂಡಿನ ಮೇಲಿಂದ, ನಿಮ್ಮತ್ತೆ ಪುಣ್ಯ ಮಾಡಿದ್ರು ಕಣ್ರೀ ಅಂತ, ನಾನು ತಲೆ ತಗ್ಗಿಸಿ ನಕ್ಕೆ, ಒಳಗೊಳಗೇ ಬೇರೆ ನಗು — ತಟ್ಟೆಯನ್ನು ಬೇಕೆಂದೇ ಸ್ಟೂಲಿನ ಮೇಲೆ ಇಟ್ಟಿದ್ದೇನೆ, ಕೈಗೆ ಎಟುಕುವುದಿಲ್ಲ, ಆದರೆ ತುಪ್ಪದ ವಾಸನೆ ಮೂಗಿಗೆ ಬಡಿಯುತ್ತದೆ, ಮುದುಕಿಯ ಗಂಟಲು ಒಮ್ಮೆ ಮೇಲೆ ಹೋಗಿ ಕೆಳಗೆ ಬಂದದ್ದು ಕಾಣಿಸಿತು. ಮಡಿಲಲ್ಲಿ ಆ ರಟ್ಟಿನ ಪೆಟ್ಟಿಗೆ, ಮೇಲೆ ಹಿಮ ಬಿದ್ದ ಕೋಟೆಯ ಚಿತ್ರ, ಕೋಟೆಯ ತುಂಬ ನಂಬರು ಬರೆದ ಪುಟ್ಟ ಕಿಟಕಿಗಳು, ಇಪ್ಪತ್ತಮೂರು ಹರಿದು ಬಾಯಿ ಬಿಟ್ಟುಕೊಂಡಿವೆ, ಒಂದು ಮುಚ್ಚಿದೆ. ಲಕ್ಷ್ಮೀಪುರಂಗೆ ಯೋಗ ಕಲಿಯಲು ಹೋಗುತ್ತಿದ್ದ ಮಹಡಿ ಮನೆಯ ಇಂಗ್ರಿಡ್ ಕೊಟ್ಟದ್ದು, ಅವಳ ತಾಯಿ ಜರ್ಮನಿಯಿಂದ ಪಾರ್ಸಲ್ ಮಾಡಿದ್ದಳಂತೆ, ಇಷ್ಟು ದೊಡ್ಡವಳಾದ ಮೇಲೂ ಅಮ್ಮನಿಗೆ ನಾನು ಮಗುವೇ ಅಂತ ನಕ್ಕು, ಗೋಕರ್ಣಕ್ಕೆ ಹೊರಡುವ ದಿನ ನಮ್ಮ ಲಾಸ್ಯಳ ಕೈಗಿಟ್ಟಳು — ಡಿಸೆಂಬರಿನಲ್ಲಿ ದಿನಕ್ಕೊಂದು ಕಿಟಕಿ, ಒಳಗೆ ಪ್ಲಾಸ್ಟಿಕ್ ಚೂರುಗಳ ಪೊಟ್ಟಣ, ಜೋಡಿಸಿದರೆ ಒಬ್ಬ ಸೈನಿಕನೋ ಕುದುರೆಯೋ ಬಾವಿಯೋ ಆಗುತ್ತದೆ, ಅವಸರ ಮಾಡಿ ನಾಳೆಯದನ್ನು ಇವತ್ತೇ ತೆಗೆಯಬಾರದು, ಕ್ರಿಸ್‌ಮಸ್ಸಿನ ಹಿಂದಿನ ದಿನಕ್ಕೆ ಇಡೀ ಕೋಟೆ ಮುಗಿಯುತ್ತದೆ. ಲಾಸ್ಯ ಕುಣಿದದ್ದೇ ಕುಣಿದದ್ದು, ಎಂಟು ವರ್ಷದ ಹುಡುಗಿ, ಅಂಥ ಆಟಿಕೆಯನ್ನು ದೇವರಾಜ ಅರಸ್ ರಸ್ತೆಯ ಗಾಜಿನಾಚೆ ಮಾತ್ರ ಕಂಡಿದ್ದವಳು, ಮತ್ತು ನನಗೆ ಹೊಳೆದದ್ದು ಆಗಲೇ, ಅವಳು ಕುಣಿಯುತ್ತಿದ್ದಾಗಲೇ, ಇವಳಲ್ಲ, ತೆಗೆಯಬೇಕಾದವರು ಬೇರೆ ಇದ್ದಾರೆ.

ಸೆಪ್ಟೆಂಬರಿನಲ್ಲಿ, ಅಮೆರಿಕದ ಕಟ್ಟಡ ಉರಿಯುವುದನ್ನು ಊರೆಲ್ಲ ಟೀವಿಯಲ್ಲಿ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ ವಾರ, ಮುದುಕಿ ದೇವರ ಮನೆಯಲ್ಲಿ ಬಿದ್ದಳು, ಬಲಗೈ ಬಲಗಾಲಿಗೆ ಲಕ್ವ, ಮಾತು ಅರ್ಧ. ಫಿಸಿಯೋಥೆರಪಿಯ ಗೋವಿಂದರಾಜು ಬಂದು, ಹೆಬ್ಬೆರಳು ತೋರುಬೆರಳು ಒಂದಕ್ಕೊಂದು ಕೂಡಬೇಕು ಕಣಮ್ಮ, ಕಡಲೆಕಾಳು ಹೆಕ್ಕಿಸಿ, ಗುಂಡಿ ಹಾಕಿಸಿ, ಸುಮ್ನೆ ಕೂರಿಸ್ಬೇಡಿ ಅಂದಿದ್ದರು — ಡಾಕ್ಟರ ಅಪ್ಪಣೆಯೇ ಸಿಕ್ಕ ಮೇಲೆ ಇನ್ನೇನು. ಬೆಳಿಗ್ಗೆ ಎದ್ದು ಎಡಗೈಯಲ್ಲಿ ಇಷ್ಟಲಿಂಗ ಇಟ್ಟುಕೊಡುತ್ತೇನೆ, ವಿಭೂತಿ ನಾನೇ ಹಚ್ಚುತ್ತೇನೆ, ಪೂಜೆಯಾಗದೆ ಹನಿ ನೀರು ಕುಡಿಯದ ಹೆಂಗಸು, ಇರಲಿ, ಲಿಂಗಪೂಜೆ ಆದ ಮೇಲೆ ಕಿಟಕಿ ಪೂಜೆ, ಕಿಟಕಿ ತೆಗೆದ ಮೇಲೆ ಇಡ್ಲಿ, ಆ ಸತ್ತ ಬಲಗೈಯಿಂದಲೇ ತೆಗೆಯಬೇಕು, ಎಡಗೈ ತಂದರೆ ಮೆಲ್ಲಗೆ ಹಿಂದಕ್ಕೆ ಸರಿಸುತ್ತೇನೆ, ನಿಮ್ಮ ಒಳ್ಳೇದಕ್ಕೇ ಅತ್ತೆ. ಇವರು, ನಮ್ಮ ಯಜಮಾನರು ಚಂದ್ರಮೌಳಿ, ಬಾಗಿಲಲ್ಲಿ ನಿಂತು ನೋಡಿ ಕಣ್ಣು ಒರೆಸಿಕೊಂಡರು, ನಮ್ಮಮ್ಮಂಗೆ ಎಷ್ಟ್ ಮಾಡ್ತೀಯ ದಾಕ್ಷಾಯಿಣಿ ಅಂದರು — ಮಾಡುತ್ತೇನೆ, ಇನ್ನೂ ಮಾಡುತ್ತೇನೆ, ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತ ಸುಮ್ಮನೆ ಹೇಳುತ್ತಾರೆಯೇ, ನನಗೆ ಬೇಕಾದದ್ದು ಹೆಚ್ಚೇನಲ್ಲ, ಈ ಕಿಟಕಿಗಳು ಮುಗಿಯುವುದರೊಳಗೆ ಸಿದ್ದಮಲ್ಲಪ್ಪನವರ ಧರ್ಮಪತ್ನಿ, ನಮ್ಮತ್ತೆ ನೀಲಮ್ಮನವರು ನನ್ನೆದುರಿಗೆ ಒಂದು ಸಲ ಅಳಬೇಕು. ಒಂದು ಹನಿ ಸಾಕು. ಒಂದು ಹನಿ ಕಂಡರೆ ನಾಳೆಯಿಂದ ಇಡ್ಲಿಯನ್ನು ಬಿಸಿಬಿಸಿಯಾಗಿ ನಾನೇ ಬಾಯಿಗೆ ಇಡುತ್ತೇನೆ.

ಯಾಕೆಂದರೆ ಆ ಎರಡು ಬೆರಳು ನನಗೆ ಗೊತ್ತು, ಗೋವಿಂದರಾಜುವಿಗೆ ಗೊತ್ತಿಲ್ಲ, ಅದು ಕಡಲೆಕಾಳು ಹೆಕ್ಕುವ ಕೈಯಲ್ಲ — ಮದುವೆಯಾಗಿ ಬಂದ ಮೊದಲ ಯುಗಾದಿ, ನಡುಮನೆಯ ತುಂಬ ಎಲೆ ಹಾಕಿ ಕೂತ ನೆಂಟರು, ನಾನು ಹೋಳಿಗೆ ಬಡಿಸುತ್ತಾ ಯಾರದೋ ಪಂಚೆಗೆ ತುಪ್ಪ ಚೆಲ್ಲಿದೆ, ಅತ್ತೆ ನಗುತ್ತಾ ಪಕ್ಕಕ್ಕೆ ಬಂದರು, ಹೊಸಬಳು ಕಣ್ರೀ, ಇಲವಾಲದವಳು, ಕಲೀತಾಳೆ ಅಂದರು, ನಗು ಹಾಗೇ ಇದೆ, ಸೆರಗಿನ ಕೆಳಗೆ ನನ್ನ ತೋಳಿನ ಒಳಮೈಗೆ, ರವಿಕೆಯ ತೋಳು ಮುಚ್ಚುವ ಜಾಗಕ್ಕೇ, ಹೆಬ್ಬೆರಳು ತೋರುಬೆರಳು ಬಂದು ಕೂಡಿದವು, ಚಿವುಟಿ ಸುಮ್ಮನೆ ಬಿಡುವುದಿಲ್ಲ, ತಿರುಪುವುದು, ಸದ್ದು ಮಾಡ್ಬೇಡ ಕಣೇ ಜನ ಇದಾರೆ ಎಂದು ಕಿವಿಯಲ್ಲಿ, ಕಣ್ಣಲ್ಲಿ ನೀರು ಬಂದು ನಾನು ಹೋಳಿಗೆ ತಟ್ಟೆ ನೋಡುತ್ತಾ ನಿಂತೆ. ಆಮೇಲೆ ಅದಕ್ಕೆ ಲೆಕ್ಕವೇ ಇಲ್ಲ, ಸಾರಿಗೆ ಉಪ್ಪು ಹೆಚ್ಚಾದರೆ, ನಮ್ಮಪ್ಪ ಬರಿಗೈಲಿ ಬಂದು ಹೋದರೆ, ಏನೂ ಇಲ್ಲದಿದ್ದರೂ, ಬಸುರಿಯಾಗಿದ್ದಾಗಲೂ, ಒಂದು ಗುರುತು ಮಾಸುವ ಮುಂಚೆ ಇನ್ನೊಂದು, ಇವರಿಗೆ ಒಂದು ದಿನ ತೋಳೆತ್ತಿ ತೋರಿಸಿದೆ, ಕನ್ನಡಕ ಹಾಕಿಕೊಂಡು ನೋಡಿದರು, ಸೊಳ್ಳೆ ಕಚ್ಚಿರ್ಬೇಕು ಕಣೇ, ಪರದೆ ತರೋಣ ಅಂದರು, ತಂದರೂ ತಂದರು, ನೀಲಿ ಬಣ್ಣದ್ದು. ಲಾಸ್ಯ ಹುಟ್ಟಿದಾಗ ಬೆಳಕಿಗೆ ಹಿಡಿದು ಹಿಡಿದು ಕೂಸಿನ ತೋಳು ನೋಡುತ್ತಿದ್ದೆ, ಆ ಬೆರಳು ಇದರ ಮೇಲೆ ಬಿದ್ದ ದಿನ ಈ ಮನೆಗೆ ಬೆಂಕಿ ಇಡುತ್ತೇನೆ ಎಂದುಕೊಂಡಿದ್ದೆ, ಬೀಳಲಿಲ್ಲ, ಮೊಮ್ಮಗಳೆಂದರೆ ಮುದುಕಿಗೆ ಜೀವ, ಕಲ್ಲುಸಕ್ಕರೆ ಕೊಟ್ಟು ಕೊಟ್ಟು ಹಲ್ಲು ಹುಳುಕು ಮಾಡಿದಳು, ನನ್ನ ಮಗಳು ಈ ಮನೆಯ ವಿಷ ತಾಗದ ಹಾಗೆ ಬೆಳೆದಳು, ಅವಳ ತೋಳು ಬೆಣ್ಣೆ, ನನ್ನ ಬದುಕಿನಲ್ಲಿ ನಾನು ಗೆದ್ದದ್ದು ಅಂತ ಇದ್ದರೆ ಅದೊಂದೇ.

ಮೊದಲ ದಿನ ಇಡ್ಲಿ ಕಲ್ಲಾಯಿತು, ಕಿಟಕಿ ತೆಗೆಯುವಷ್ಟರಲ್ಲಿ ಮುದುಕಿಯ ಜೊಲ್ಲು ಕೋಟೆಯ ಹಿಮದ ಮೇಲೆ ಬಿತ್ತು, ಲಾಸ್ಯ ಮಂಚದ ಪಕ್ಕ ಮಣೆ ಹಾಕಿಕೊಂಡು ಅಜ್ಜಿ ಬೇಗ, ಅಜ್ಜಿ ಬೇಗ ತೆಗಿ, ಸ್ಕೂಲಿಗೆ ಟೈಮಾಯ್ತು ಎಂದು ಚಪ್ಪಾಳೆ ತಟ್ಟುತ್ತಿದ್ದಳು, ಪೊಟ್ಟಣ ಜಾರಿ ಕಂಬಳಿಯ ಮಡಿಕೆಯಲ್ಲಿ ಬಿದ್ದರೆ ಬಿದ್ದೂ ಬಿದ್ದೂ ನಗುತ್ತಿದ್ದಳು, ನಾನೂ ನಕ್ಕೆ, ಮುದುಕಿ ಮಾತ್ರ ನನ್ನನ್ನೇ ನೋಡುತ್ತಿದ್ದಳು, ಒಣ ಕಣ್ಣು, ಬೇಸಿಗೆಯ ಬಾವಿ. ಎರಡನೆಯದು ಭರ್ಜಿಯವನು, ಮೂರನೆಯದು ಕೋಳಿ, ಆಮೇಲೆ ಫಿರಂಗಿ, ಮಾಟಗಾತಿ, ರೊಟ್ಟಿ ಒಲೆ, ದಿನಾ ಮಣೆಯ ಮೇಲೆ ಒಂದೊಂದು ನಿಲ್ಲುತ್ತಿದ್ದವು, ಕಣ್ಣೀರು ಮಾತ್ರ ಇಲ್ಲ — ಚಟ್ನಿಗೆ ಮೆಣಸಿನಕಾಯಿ ಹೆಚ್ಚು ಹಾಕಿದೆ, ಕಣ್ಣಲ್ಲಿ ನೀರು ಬಂತು, ಅದು ಲೆಕ್ಕಕ್ಕಿಲ್ಲ. ಹತ್ತು ಹನ್ನೆರಡು ದಿನಕ್ಕೆ ಇನ್ನೊಂದು ಶುರುವಾಯಿತು, ಬೆರಳು ಕೂಡತೊಡಗಿತು, ಕುದುರೆಯ ಜೀನನ್ನು, ಅಕ್ಕಿಕಾಳಿಗಿಂತ ಚೂರು ದೊಡ್ಡದು, ಎರಡು ಬೆರಳಲ್ಲಿ ಎತ್ತಿ ಹಿಡಿದಳು, ಗೋವಿಂದರಾಜು ಕೂತಲ್ಲಿಂದ ಎದ್ದುಬಿಟ್ಟರು, ಆಸ್ಪತ್ರೇಲಿ ಇಷ್ಟು ಆಗಲ್ಲ ಕಣಮ್ಮ, ನೀವ್ ಮಾಡಿಸಿಬಿಟ್ರಿ ಅಂದರು, ನಾನು ಕಾಫಿ ತರುವ ನೆಪದಲ್ಲಿ ಅಡಿಗೆಮನೆಗೆ ಹೋದೆ, ಹಾವಿಗೆ ಹಾಲೆರೆಯುತ್ತಿದ್ದೇನೆ, ನಾನೇ, ನನ್ನ ಕೈಯಾರೆ, ರವಿಕೆಯೊಳಗೆ ತೋಳು ತಣ್ಣಗಾಗಿತ್ತು.

ಆ ಮಧ್ಯಾಹ್ನವೇ ಇರಬೇಕು, ಇವರು ಆಫೀಸಿನಲ್ಲಿ, ಬೀದಿಯಲ್ಲಿ ಹಳೇ ಪೇಪರ್ ಹಳೇ ಪಾತ್ರೆಯವನು ಕೂಗಿ ಹೋದ, ಮುದುಕಿ ಮಲಗಿದ್ದಾಳೆ ಅಂದುಕೊಂಡು ಬಲಗೈಯ ಸ್ವೆಟರಿನ ತೋಳನ್ನು ಮೇಲಕ್ಕೆ ಸರಿಸಿದೆ, ಸಡಿಲ ಚರ್ಮ, ನನಗೆ ಕಲಿಸಿದ ಜಾಗದಲ್ಲೇ ನನಗೆ ಕಲಿಸಿದ ಹಾಗೆಯೇ ಹಿಡಿದು ತಿರುಪಿದೆ, ಉಗುರು ಇಳಿಯುವ ತನಕ, ತೋಳಿಗೆ ಗೊತ್ತೇ ಆಗಲಿಲ್ಲ, ಮುಖ ನೋಡಿದರೆ ಕಣ್ಣು ತೆರೆದೇ ಇವೆ, ನೋಡುತ್ತಿದ್ದಾಳೆ, ನನ್ನ ಬೆರಳನ್ನು ನೋಡುತ್ತಿದ್ದಾಳೆ, ಒಣಗಿಯೇ ಇವೆ. ಏನ್ ಮಾಡ್ತಿದೀಯ ಅಮ್ಮ — ಬಾಗಿಲಲ್ಲಿ ಲಾಸ್ಯ, ಬೆನ್ನ ಮೇಲೆ ಬ್ಯಾಗು, ಒಂದು ಕಾಲಲ್ಲಿ ಬೂಟು, ನನ್ನ ಬಾಯಿಂದ ಸುಳ್ಳು ಎಷ್ಟು ಸಲೀಸಾಗಿ ಬಂತು, ನೋಡ್ತಿದೀನಿ ಪುಟ್ಟಿ, ಅಜ್ಜಿ ಕೈಗೆ ನೋವು ಗೊತ್ತಾಗುತ್ತಾ ಅಂತ ಆಗಾಗ ನೋಡ್ಬೇಕಂತೆ, ಗೊತ್ತಾದ್ರೆ ವಾಸಿಯಾದ ಹಾಗೆ. ಗೊತ್ತಾಯ್ತಾ? ಇನ್ನೂ ಇಲ್ಲ, ಹೋಗು, ಹಾಲು ಕುಡಿ. ನಾಚಿಕೆಯೇನೂ ಆಗಲಿಲ್ಲ, ಸಪ್ಪೆ ಅನ್ನಿಸಿತು ಅಷ್ಟೆ, ಗೊತ್ತಾಗದ ತೋಳನ್ನು ಚಿವುಟಿ ಏನು ಸುಖ, ಆಮೇಲೆ ನಾನು ಆ ತಂಟೆಗೆ ಹೋಗಲಿಲ್ಲ, ಸ್ವೆಟರನ್ನೂ ಬಿಚ್ಚಲಿಲ್ಲ, ಚಳಿ, ಮುಖ ಒರೆಸಿ ಅಂಗೈ ಒರೆಸಿದರೆ ಆಯಿತು, ಯಾರು ಕೇಳುತ್ತಾರೆ. ಬೆಳಗಿನ ಹೊತ್ತು ನಾನು ಚಟ್ನಿ ರುಬ್ಬುವಾಗ ಲಾಸ್ಯಳೇ ಅಜ್ಜಿಯ ಪಕ್ಕ ಕೂರುತ್ತಾಳೆ, ಕ್ರಿಸ್‌ಮಸ್ ರಜಾ ಬಂದ ಮೇಲೆ ಇಡೀ ದಿನವೂ ಅಲ್ಲೇ, ಅಜ್ಜಿಗೂ ಮೊಮ್ಮಗಳಿಗೂ ಎಷ್ಟು ಹೊಂದಿಕೆ ಎಂದು ಇವರಿಗೆ ಹಿಗ್ಗು, ಮತ್ತು ಕಿಟಕಿಗಳು ದಿನದಿಂದ ದಿನಕ್ಕೆ ಬೇಗ ಬೇಗ ತೆರೆದುಕೊಳ್ಳುತ್ತಿದ್ದವು.

ಈಗ ಹರಿಯಿತು, ಕೊನೆಯ ಕಿಟಕಿಯೂ ಹರಿಯಿತು, ಇವರು ಆಫೀಸಿಗೆ ಲೇಟಾದರೂ ಸರಿ ಎಂದು ಕ್ಯಾಮೆರಾ ಹಿಡಿದು ಮಂಚದ ಕಾಲ ಹತ್ತಿರ ನಿಂತಿದ್ದಾರೆ, ರಟ್ಟು ಮಡಿಚಿಕೊಂಡಿತು, ಒಳಗೆ ರಾಣಿ, ಪೆಟ್ಟಿಗೆಯ ಹಿಂಬದಿಯ ಚಿತ್ರದಲ್ಲಿ ಉಳಿದಿದ್ದವಳು ಅವಳೊಬ್ಬಳೇ, ಬೆರಳು ಒಳಗೆ ಹೋಗಿ ಪೊಟ್ಟಣವನ್ನು ಹಿಡಿದು ಎಳೆದು ಹೊರಗೆ ತಂದಿತು, ಭಲೇ ಅಮ್ಮ ಅಂತಾರೆ ಇವರು, ಮುದುಕಿ ನನ್ನ ಕಡೆ ತಿರುಗುತ್ತಾಳೆ, ಓರೆಯಾದ ಬಾಯಿಯ ಒಂದು ತುದಿ ಮೇಲೆ ಹೋಗುತ್ತದೆ, ಗೆದ್ದಳು, ಪೆಟ್ಟಿಗೆ ಖಾಲಿ, ಒಂದು ಹನಿ ಇಲ್ಲ, ನಾನು ಸೋತೆ, ಇನ್ನು ತಿಂಗಳೊಪ್ಪತ್ತಿನಲ್ಲಿ ಈ ಕೈ ಸೊಂಟಕ್ಕೆ ಬೀಗದ ಕೈ ಸಿಗಿಸಿಕೊಂಡು ಓಡಾಡುತ್ತದೆ, ನನ್ನ ತೋಳು ಹುಡುಕುತ್ತದೆ, ಸ್ಟೂಲಿನಿಂದ ತಟ್ಟೆ ತೆಗೆದು ಮಡಿಲಲ್ಲಿ ಇಟ್ಟೆ, ತಿನ್ನಿ ಅತ್ತೆ, ತಿನ್ನಿ — ಅಜ್ಜಿ, ರಾಣಿ ಬಂದ್ಲಾ ಎಂದು ಲಾಸ್ಯ ಸ್ನಾನದ ಮನೆಯಿಂದ ಓಡಿ ಬಂದಳು, ತಲೆಯಿಂದ ನೀರು ತೊಟ್ಟಿಕ್ಕುತ್ತಿದೆ, ಮಂಚ ಹತ್ತಿ ಬಲಗಡೆ ಕೂತಳು, ಕೂತದ್ದೇ ತಡ, ಪೊಟ್ಟಣ ಕೆಳಗೆ ಬಿತ್ತು, ತಟ್ಟೆ ಓರೆಯಾಯಿತು, ಬೆರಳು ಅಲ್ಲಾಡಿಸಲು ತಿಂಗಳಿಡೀ ಹೆಣಗಿದ ಆ ತೋಳು ಇಡಿಯಾಗಿ ಎದ್ದು ಶಾಲಿನೊಳಗೆ ನುಗ್ಗಿ ಎದೆಗೆ ಅಂಟಿಕೊಂಡಿತು, ಅಷ್ಟು ಚಲನೆ ಅದರಲ್ಲಿತ್ತೆಂದು ಯಾರಿಗೂ ಗೊತ್ತಿರಲಿಲ್ಲ. ಬ್ಯಾಡ, ಬ್ಯಾಡ ಕಣವ್ವ, ತೆಗ್ದೀನಿ, ತೆಗ್ದ್ಬುಟ್ಟೀನಿ — ಮುದ್ದೆಯಾದ ಮಾತು, ಮೊಮ್ಮಗಳಿಗೆ, ಮತ್ತು ಅಳು, ಒಂದು ಹನಿಯಲ್ಲ, ಎರಡು ಕಣ್ಣಿಂದಲೂ ಧಾರೆ, ಮೂಗು ಬಾಯಿ ಒಂದಾಗಿ, ಇಷ್ಟು ವರ್ಷ ನಾನು ಕಾದದ್ದು, ಬಂತು, ನನ್ನ ಕಡೆಗೆ ತಿರುಗಿಯೂ ನೋಡದೆ ಬಂತು. ನೋಡೇ, ಅಮ್ಮ ಖುಷಿಗೆ ಅಳ್ತಿದಾಳೆ ಎಂದು ಇವರು ಫ್ಲಾಶ್ ಹೊಡೆದರು, ಆ ಬೆಳಕಿನಲ್ಲೇ ನಾನು ಶಾಲು ಸರಿಸಿ ಸ್ವೆಟರಿನ ತೋಳನ್ನು ಮೇಲಕ್ಕೆ ಎಳೆದೆ, ಒಳಮೈ ತುಂಬ ಗುರುತು, ಹಳದಿಗೆ ತಿರುಗಿದವು, ಹಸಿರಾದವು, ಇವತ್ತು ಬೆಳಗಿನವು ಇನ್ನೂ ಕೆಂಪು, ಒಂದರ ಮೇಲೊಂದು, ತೊಗರಿಕಾಳಿನಷ್ಟು ಸಣ್ಣವು, ನನ್ನವಲ್ಲ, ನನ್ನ ಬೆರಳು ಇಷ್ಟು ಚಿಕ್ಕದಲ್ಲ. ಈಗ ಚೆನ್ನಾಗಿ ಗೊತ್ತಾಗುತ್ತೆ ಅಮ್ಮ, ಅಜ್ಜಿಗೆ ವಾಸಿಯಾಯ್ತು ಅಂತಾಳೆ ಲಾಸ್ಯ, ನಾನು ದಿನಾ ನೋಡ್ತೀನಿ, ಸುಮ್ನೆ ಒತ್ತಿದ್ರೆ ಆಗಲ್ಲ, ತಿರುಗಿಸ್ಬೇಕು, ತಿರುಗಿಸಿದ್ರೆ ಬೇಗ ಕಿಟಕಿ ತೆಗೀತಾಳೆ, ಮುಖದ ಮೇಲೆ ನಗು ಹಾಗೇ ಇದೆ, ಬೆಣ್ಣೆಯಂಥ ತೋಳು ಮುಂದೆ ಬಂತು, ಹೀಗೆ ಅಮ್ಮ, ನೋಡು, ಹೀಗೆ — ಹೆಬ್ಬೆರಳು, ತೋರುಬೆರಳು, ಸೋಪಿನ ವಾಸನೆ, ನೀರಲ್ಲಿ ನೆನೆದು ಸುಕ್ಕಾದ ಪುಟ್ಟ ತುದಿಗಳು, ಕೂಡುತ್ತವೆ, ತಿರುಗುತ್ತವೆ, ಬಿಡುತ್ತವೆ, ಕೂಡುತ್ತವೆ, ಆ ಎರಡು ಬೆರಳು