ಕಾಗಾಲದಲ್ಲಿ ದ್ರಾಕ್ಷಿ ಬೆಳೆಯಲು ಹೊರಟ ಪಾಂಡು

ಕಾಗಾಲದ ಪಾಂಡು ಒಂದು ಬೆಳಿಗ್ಗೆ ಗುದ್ದಲಿ ಹಿಡಿದು ಹೆಂಡತಿ ಸುಬ್ಬಿಯ ಹರಿವೆ ಸೊಪ್ಪಿನ ಸಾಲಿಗೆ ಇಳಿದ. ಮೊದಲ ಏಟು ಬೀಳುವಷ್ಟರಲ್ಲಿ ಸುಬ್ಬಿ ಒಲೆ ಬಿಟ್ಟು ಓಡಿ ಬಂದಳು.

“ಎಂತ ಮಾಡ್ತ್ರಿ ನೀವು? ನಾಳೆ ಕುಮಟೆ ಸಂತೆಗೆ ನಾ ಎಂತ ಹೊತ್ಕಂಡು ಹೋಗುದು?”

“ಸೊಪ್ಪು ಹೊತ್ತದ್ದು ಸಾಕು. ಇಲ್ಲಿ ದ್ರಾಕ್ಷಿ ಚಪ್ಪರ ಬತ್ತದೆ.”

ಹಿಂದಿನ ವಾರ ಸಸಿ ಮಾರುವವನೊಬ್ಬ ವ್ಯಾನಿನಲ್ಲಿ ಊರಿಗೆ ಬಂದಿದ್ದ. ಹೊನ್ನಾವರದ ಹತ್ತಿರ ಹಣ್ಣಿನ ವೈನ್ ಮಾಡುವ ಘಟಕ ಶುರುವಾಗಿದೆ, ಮುಂದಿನ ವರ್ಷ ಅವರಿಗೆ ಎಷ್ಟು ದ್ರಾಕ್ಷಿ ಕೊಟ್ಟರೂ ಸಾಲದು, ಮನೆ ಬಾಗಿಲಿಗೇ ಬಂದು ಒಯ್ಯುತ್ತಾರೆ ಎಂದಿದ್ದ. ಪಾಂಡು ಇನ್ನೂರು ಸಸಿಗೆ ಮಾತು ಕೊಟ್ಟುಬಿಟ್ಟಿದ್ದ. ಭಾನುವಾರ ಸಸಿ ಬರುವುದಿತ್ತು. ಘಟಕ ಇದ್ದದ್ದು ನಿಜ. ಉಳಿದದ್ದನ್ನು ಅವನು ಯಾರಲ್ಲೂ ಕೇಳಿರಲಿಲ್ಲ.

ಸುಬ್ಬಿ ಗುದ್ದಲಿ ಕಿತ್ತುಕೊಂಡಳು. “ಹೇಮಾನ್ನ ಒಂದು ಮಾತು ಕೇಳುವ. ಆಮೇಲೆ ಬೇಕಾದ್ರೆ ಮನೆಯನ್ನೇ ಅಗೀರಿ.”

ಹೇಮಾ ಪಕ್ಕದ ಮನೆಯ ಸೊಸೆ. ಅದೇ ಘಟಕದಲ್ಲಿ ಹಣ್ಣು ಆರಿಸುವ ಕೆಲಸ ಅವಳದು. ಬಸ್ಸಿಗೆ ಹೊರಟವಳು ಬೇಲಿಯ ಬಳಿ ನಿಂತು ಎಲ್ಲ ಕೇಳಿದಳು.

“ಪಾಂಡಣ್ಣ, ನಾನು ಅಲ್ಲಿ ಹೋಗೂಕೆ ಹಿಡ್ದು ವರ್ಷ ಆತು. ದ್ರಾಕ್ಷಿ ಒಂದು ಗೊಂಚಲೂ ಕಾಣ್ಲಿಲ್ಲ.”

“ದ್ರಾಕ್ಷಿ ಇಲ್ದೆ ಎಂತ ವೈನ್ ಮಾರಾಯ್ತಿ? ನಿಂಗೆ ತೋರ್ಸುದಿಲ್ವೇನ ಅವ್ರು.”

“ಹಂಗಾದ್ರೆ ನೀವೇ ಬಂದು ಕಾಣಿ. ಬನ್ನಿ, ಬಸ್ಸು ಬಂತು.”

ಪಾಂಡು ಅಂಗಿ ತೊಟ್ಟುಕೊಂಡು ಹೊರಟೇಬಿಟ್ಟ. ಹೇಮಾ ತಿಳಿಯದೆ ಮಾತಾಡುತ್ತಾಳೆಂದು ತೋರಿಸಿಕೊಡಬೇಕೆಂಬ ಹಟ ಅವನಿಗೆ. ಘಟಕದ ಬಾಗಿಲಲ್ಲೇ ಘಮ್ಮೆಂದು ಮೂಗಿಗೆ ಬಡಿದದ್ದು ಗೇರುಹಣ್ಣಿನ ವಾಸನೆ. ಒಳಗೆ ಹಳದಿ, ಕೆಂಪು ಹಣ್ಣು ರಾಶಿ ಬಿದ್ದಿತ್ತು. ಬೀಜ ತಿರುಪಿಕೊಂಡು ಅವನ ಮನೆಯಲ್ಲಿ ದನಕ್ಕೆ ಹಾಕುತ್ತಿದ್ದ ಅದೇ ಹಣ್ಣು!

ಅಲ್ಲಿನ ಮೇಲ್ವಿಚಾರಕ ಕೃಷ್ಣಾನಂದ ಅವನನ್ನು ಕೂರಿಸಿ, ಕುಡಿಯಲು ನೀರು ಕೊಟ್ಟ.

“ದ್ರಾಕ್ಷಿ ಬಿಸಿಲುಸೀಮೆ ಬೆಳೆ. ನಮ್ಮ ಮಳೆಗೆ ಎಲೆಯೆಲ್ಲ ಬೂಷ್ಟು ಹಿಡಿದು ಹೋತದೆ. ನಮಗೆ ಗೇರು, ನೇರಳೆ, ಇಲ್ಲೇ ಬಿಡುವ ಹಣ್ಣು ಸಾಕು.”

“ಮುಂದಿನ ವರ್ಷ ಹೆಂಗೆ ಹಂಗಾದ್ರೆ? ಎಷ್ಟಾದ್ರೂ ತಕ್ಕಂತ್ರಾ?”

ಕೃಷ್ಣಾನಂದ ತಲೆಯಾಡಿಸಿದ. “ಎಷ್ಟಾದ್ರೂ ಅಂದ್ರೆ ಸುಳ್ಳಾತದೆ. ಈ ಸಲ ಮಾಡಿದ್ದಕ್ಕೆ ಗಿರಾಕಿ ಸಿಕ್ಕಿದೆ. ಹಾಗಾಗಿ ಮುಂದಿನ ವರ್ಷ ಒಂದೂವರೆ ಪಟ್ಟು ಹಣ್ಣು ಬೇಕಾದೀತು ಅಂತ ಅಂದಾಜು. ಆದ್ರೆ ಅದು ಬರೀ ಅಂದಾಜು. ಹೂ ಬಿಡುವಾಗ ಮೋಡ ಕಟ್ಟಿದ್ರೆ ಹಣ್ಣಿಲ್ಲ. ಬಾಟಲಿ ಖರ್ಚಾಗದಿದ್ರೆ ನಮಗೆ ಹಣ್ಣು ಬೇಡ. ಅದಕ್ಕೇ ಇದ್ದ ಮರದ ಹಣ್ಣು ಕೊಡಿ ಅಂತೇವೆ. ಇದ್ದ ಬೆಳೆ ಕಿತ್ತು ಹೊಸದು ಹಾಕಿ ಅಂತ ಯಾರಿಗೂ ಹೇಳಲಿಲ್ಲ.”

ಪಾಂಡುವಿಗೆ ನಾಚಿಕೆಯೂ ಆಯಿತು, ಎದೆಯ ಮೇಲಿನ ಕಲ್ಲು ಇಳಿದಂತೆಯೂ ಆಯಿತು. ಗುಡ್ಡದ ಮೇಲೆ ಅವನದೇ ಹನ್ನೆರಡು ಗೇರುಮರಗಳಿದ್ದವು.

ಸಂಜೆ ಅವನೂ ಹೇಮಾಳೂ ಮನೆಗೆ ಬಂದು ಸುದ್ದಿ ಹೇಳಿದಾಗ ಸುಬ್ಬಿ ಮಾತ್ರ ಮುಖ ಗಂಟಿಕ್ಕಿದಳು. “ಕುಡಿಯುದಕ್ಕೆ ಹಣ್ಣು ಕೊಡುದಾ? ನನ್ನ ಅಣ್ಣ ಕುಡ್ದು ಕುಡ್ದು ಹೋದದ್ದು ಮರ್ತೋತಾ?”

ಹೇಮಾ ಅವಳ ಕೈ ಹಿಡಿದಳು. “ಮರೀಲಿಲ್ಲ ಸುಬ್ಬಕ್ಕ. ವೈನ್ ಕುಡೀರಿ ಅಂತ ನಾನು ಯಾರಿಗೂ ಹೇಳುದಿಲ್ಲ. ಮನೆ ಹಿಂದೆ ಕದ್ದು ಭಟ್ಟಿ ಇಳಿಸುದು ಅಪರಾಧ, ಜೀವಕ್ಕೂ ಕುತ್ತು. ಇದು ಪರವಾನಗಿ ಇದ್ದ ಜಾಗ. ಅಲ್ಲೇ ಶರಬತ್ತೂ ಮಾಡ್ತ್ರು. ನಿಂಗೆ ಮನಸ್ಸಿಲ್ದಿದ್ರೆ ಶರಬತ್ತಿಗೆ ಅಂತ ಹೇಳಿ ಕೊಡು.”

ಸುಬ್ಬಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು. “ಶರಬತ್ತಿಗಾದ್ರೆ ಆತು,” ಎಂದಳು.

ಮರುದಿನವೇ ಪಾಂಡು ಉದುರಿದ ಹಣ್ಣನ್ನೆಲ್ಲ ಗೊಬ್ಬರದ ಚೀಲಕ್ಕೆ ತುಂಬಿ ಘಟಕಕ್ಕೆ ಕಳಿಸಿದ. ಚೀಲ ಬಿಚ್ಚಿದ ಹೇಮಾ ಅದನ್ನು ಹಾಗೆಯೇ ವಾಪಸು ಕಳಿಸಿದಳು. ಹಣ್ಣು ಜಜ್ಜಿ ಹುಳಿ ನಾರುತ್ತಿತ್ತು.

“ಪಕ್ಕದ ಮನೆಯವ್ರು ಅಂತಾನೂ ನೋಡ್ಲಿಲ್ಲ ಅವಳು!” ಪಾಂಡು ಕೂಗಾಡಿದ.

“ನಾರುದನ್ನು ನಾನೂ ತಕ್ಕಳುದಿಲ್ಲ,” ಎಂದಳು ಸುಬ್ಬಿ, ಸೊಪ್ಪಿನ ಬುಟ್ಟಿ ತೊಳೆಯುತ್ತ. “ಬನ್ನಿ, ನಾನೇ ಬತ್ತೆ.”

ಮರುದಿನ ಬೆಳಗಿಗೇ ಇಬ್ಬರೂ ಗುಡ್ಡ ಹತ್ತಿದರು. ಮಾಗಿದ ಹಣ್ಣನ್ನು ಮರದಿಂದಲೇ ಕೈಯಲ್ಲಿ ಬಿಡಿಸಿ, ತೊಳೆದು, ಬುಟ್ಟಿಯಲ್ಲಿ ಹಗುರಾಗಿ ಹರಡಿ ಅಂದೇ ಕಳಿಸಿದರು. ಆ ದಿನ ಖಾಲಿ ಬುಟ್ಟಿಗಳು ಮಾತ್ರ ವಾಪಸು ಬಂದವು.

ಭಾನುವಾರ ವ್ಯಾನು ಬಂತು. ಪಾಂಡು ಅಂಗಳದಲ್ಲೇ ತಡೆದು ನಿಲ್ಲಿಸಿದ.

“ಸಸಿ ಇಳಿಸೂಕೆ ಮೊದಲು ಒಂದು ಮಾತು. ನಮ್ಮ ಮಳೆಯಲ್ಲಿ ಬೆಳೆದ ದ್ರಾಕ್ಷಿ ಚಪ್ಪರ ಒಂದು ತೋರ್ಸು. ಮುಂದಿನ ವರ್ಷ ಹಣ್ಣು ತಕ್ಕಂಬವ್ರು ಯಾರು ಅಂತ ಕಾಗದದಲ್ಲಿ ಬರೆದು ಕೊಡು.”

“ಕಾಗದ ಎಂತಕೆ? ನನ್ನ ಮಾತು ಸಾಲದಾ?”

“ಮಾತು ನಂಗೂ ಬತ್ತದೆ ಮಾರಾಯ. ನಾ ಹೇಳಿದ್ರೆ ನೀನು ನಿನ್ನ ಗದ್ದೆ ಅಗೀತ್ಯಾ?”

ಬೇಲಿಯಾಚೆ ಹೇಮಾ ನಕ್ಕಳು. ಸುಬ್ಬಿ ನಕ್ಕಳು. ವ್ಯಾನಿನವನೂ ಅರೆಬರೆ ನಕ್ಕು ಗಾಡಿ ತಿರುಗಿಸಿದ.

ಬಂಧುಗಳೇ, ಭಟ್ಕಳವಿರಲಿ, ಹೊನ್ನಾವರವಿರಲಿ, ಕುಮಟೆಯಿರಲಿ, ಇಂಥ ವ್ಯಾನು ನಿಮ್ಮ ಅಂಗಳಕ್ಕೂ ಬಂದೀತು. ಮುಂದಿನ ವರ್ಷ ಹಣ್ಣಿಗೆ ಒಳ್ಳೆಯ ಕಾಲ ಬಂದರೆ ಬರಲಿ, ಸಂತೋಷವೇ. ಆದರೆ ಆ ಮಾತು ನಂಬಿ ಕೈಯಲ್ಲಿದ್ದ ಬೆಳೆಗೆ ಗುದ್ದಲಿ ಹಾಕುವ ಮೊದಲು ಒಮ್ಮೆ ಬಸ್ಸು ಹತ್ತಿ ಹೋಗಿ ಕಣ್ಣಾರೆ ಕಂಡು ಬನ್ನಿ. ನಿಮ್ಮ ತಾಲೂಕಿನ ತೋಟಗಾರಿಕೆ ಕಚೇರಿಯಲ್ಲಿ ವಿಚಾರಿಸಿ. ಕೊಳ್ಳುವವರ ಮಾತನ್ನು ಬರವಣಿಗೆಯಲ್ಲಿ ಪಡೆಯಿರಿ. ಕೇಳಲು ನಾಚಿಕೆ ಬೇಡ. ನೆಲ ನಿಮ್ಮದು, ಕೇಳುವ ಹಕ್ಕೂ ನಿಮ್ಮದೇ.