ಕೈ ಬಿಟ್ಟ ಆಟ

ಮಾನ್ವಿಯ ಹೈಸ್ಕೂಲಿನಲ್ಲಿ ನಾಗರತ್ನಾ ಟೀಚರ್ ಕಲಿಸುತ್ತಿದ್ದ ಕಬಡ್ಡಿ ನೋಡಿ ಮೊದಮೊದಲು ಎಲ್ಲರೂ ನಕ್ಕಿದ್ದರು. ರೈಡರ್ ಒಳಗೆ ಬಂದಾಗ ಹಿಡಿಯುವವರು ಇಬ್ಬಿಬ್ಬರಾಗಿ ಕೈ ಹಿಡಿದು ನಿಲ್ಲುವುದು ಎಲ್ಲ ಕಡೆಯ ರೂಢಿ. ಈಕೆಯ ಹುಡುಗಿಯರು ಯಾರ ಕೈಯನ್ನೂ ಹಿಡಿಯುತ್ತಿರಲಿಲ್ಲ. ಬಿಡಿಬಿಡಿಯಾಗಿ ನಿಂತು, ಬಂದವಳ ‘ಕಬಡ್ಡಿ ಕಬಡ್ಡಿ’ಗೆ ಕಿವಿಗೊಡುತ್ತಿದ್ದರು. ದನಿ ಸಣ್ಣಗಾದ ಕೂಡಲೇ, ಉಸಿರು ಮುಗಿಯಿತೆಂದು ತಿಳಿದು, ಎಲ್ಲ ಕಡೆಯಿಂದ ಮುಗಿಬೀಳುತ್ತಿದ್ದರು. ಇದನ್ನು ರೂಢಿಸಲು ಟೀಚರ್ ಅವರ ಕಣ್ಣಿಗೆ ದುಪಟ್ಟಾ ಕಟ್ಟಿ ನಿಲ್ಲಿಸುತ್ತಿದ್ದಳು.

ತನ್ನೂರು ಮಸರಕಲ್ಲಿನಿಂದ ದೇವದುರ್ಗದ ಶಾಲೆಗೆ ಓದಲು ಹೋಗುತ್ತಿದ್ದಾಗ ಆಕೆಗೂ ಒಂದು ಜೋಡಿ ಇತ್ತು. ಎಡ ಮೂಲೆಯಲ್ಲಿ ಈಕೆ, ಪಕ್ಕದಲ್ಲಿ ಜಬೀನ್. ಜಬೀನ್ ಬೆರಳು ಒತ್ತಿದರೆ ಸಾಕು, ಯಾವಾಗ ನುಗ್ಗಬೇಕೆಂದು ಗೊತ್ತಾಗುತ್ತಿತ್ತು. ರಾಜ್ಯ ತಂಡಕ್ಕೆ ಜಬೀನ್ ಒಬ್ಬಳೇ ಆಯ್ಕೆಯಾಗಿ ದೂರದ ಕ್ರೀಡಾ ಹಾಸ್ಟೆಲಿಗೆ ಹೋದಳು. ಕೆಲವು ತಿಂಗಳು ಫೋನು ಬಂತು, ಆಮೇಲೆ ಅದೂ ನಿಂತಿತು. ನಾಗರತ್ನಾ ಬೇರೆಯವರ ಕೈ ಹಿಡಿದು ಆಡಿ ನೋಡಿದಳು. ಒಂದೂ ಹೊಂದಲಿಲ್ಲ.

ಈ ವರ್ಷ ರಾಯಚೂರಿನಲ್ಲಿ ಜಿಲ್ಲಾ ಫೈನಲ್. ಎದುರಾಳಿ ತಂಡದ ಹೊಸ ಕೋಚ್ ಜಬೀನ್ ಎಂದು ತಿಳಿದಾಗಿನಿಂದ ನಾಗರತ್ನಾಗೆ ಊಟ ಸೇರಲಿಲ್ಲ. ಮಾನ್ವಿ ಹುಡುಗಿಯರೇ ಗೆದ್ದರು. ಕೇಕೆ, ಸೀಟಿಗಳ ನಡುವೆ ಜಬೀನ್ ಕುಂಟುತ್ತಾ ಬಂದಳು.

“ಏ ನಾಗಿ, ಕೈ ಹಿಡಿಯೋದು ಯಾಕ ಬಿಡಿಸಿದಿಬೇ?”

“ಒಬ್ಬಾಕಿ ಬಿಟ್ಟು ಹೋದ್ರ ಇನ್ನೊಬ್ಬಾಕಿ ಆಟ ನಿಲ್ಲಬಾರದು ನೋಡು, ಅದಕ್ಕ.”

ಜಬೀನ್ ಬದಿಯ ಬೆಂಚಿನ ಮೇಲೆ ಕಾಲು ಚಾಚಿ ಕುಳಿತಳು. “ಅಲ್ಲಿ ಹಾಸ್ಟೆಲಿನ್ಯಾಗ ನನ್ನ ಬಾಜೂ ಯಾರ್ನ ನಿಲ್ಲಿಸಿದ್ರೂ ನೀನ ಅದಿ ಅನಸ್ತಿತ್ತು. ಎರಡನೇ ವರ್ಷಕ್ಕ ಮೊಣಕಾಲು ಹೋತು. ಹೇಳಾಕ ಮನಸಾಗಲಿಲ್ಲ.”

“ಹೇಳಿದ್ರ ನಾ ಓಡಿ ಬರ್ತಿದ್ದೆ.”

“ಬರ್ತಿದ್ದಿ ಅಂತನ ಹೇಳಲಿಲ್ಲ. ನೀನರ ಆಡಬೇಕು ಅಂತ.”

ಬೇಸಿಗೆ ರಜೆಯಲ್ಲಿ ಇಬ್ಬರೂ ಸೇರಿ ದೇವದುರ್ಗದಲ್ಲಿ ಶಿಬಿರ ನಡೆಸಿದರು. ನಾಗರತ್ನಾ ಹಿಡಿಯುವವರಿಗೆ ಉಸಿರು ಕೇಳುವುದನ್ನು ಕಲಿಸಿದರೆ, ಜಬೀನ್ ಕುರ್ಚಿಯ ಮೇಲೆ ಕುಳಿತು, ಉಸಿರು ಮುಗಿಯುವವರೆಗೂ ದನಿ ತಗ್ಗದಂತೆ ಕಬಡ್ಡಿ ಹೇಳುವುದನ್ನು ರೈಡರುಗಳಿಗೆ ಕಲಿಸಿದಳು. “ನಿನ್ನ ವಿದ್ಯಾ ಕೆಡಸಾಕತ್ತೀನಿ,” ಎಂದು ನಗುತ್ತಿದ್ದಳು.

ಒಂದು ಸಂಜೆ ಹುಡುಗಿಯರೆಲ್ಲ ಹೋದ ಮೇಲೆ ನಾಗರತ್ನಾ ಗೆರೆ ದಾಟಿ ಖಾಲಿ ಅಂಕಣದ ಎಡ ಮೂಲೆಯಲ್ಲಿ ನಿಂತಳು. ‘ಒಂದೇ ಸಲ ಬಾರಬೇ, ಕೈ ಹಿಡಿ’ ಎನ್ನುವುದು ಬಾಯಿಯವರೆಗೂ ಬಂತು. ಮೊಣಕಾಲು ಒತ್ತಿಕೊಳ್ಳುತ್ತಾ ಏಳುತ್ತಿದ್ದ ಜಬೀನ್‌ಳನ್ನು ಕಂಡು ಅದನ್ನು ನುಂಗಿಕೊಂಡಳು. ಹೋಗಿ ಕುರ್ಚಿ ಎತ್ತಿಕೊಂಡು, “ನಡಿ, ಚಾ ಕುಡಿಯೂಣು,” ಎಂದಳು.